ಮಾವಿನ ಘಮದೊಳಗೆ ಪೆಟ್ರೋಲು

ಶ್ರೀನಿವಾಸಪುರದ ಮನೆಯಿಂದ ಬೆಳಿಗ್ಗೆ ಬೇಗನೆ ಹೊರಟೆವು. ಕೋಲಾರ ಇಪ್ಪತ್ತೈದು ಕಿಲೋಮೀಟರು ಆಗಬಹುದು, ಅಷ್ಟೆ. ಆದರೆ ಈ ಪ್ರಯಾಣಕ್ಕೆ ನನ್ನ ದೊಡ್ಡಕ್ಕನನ್ನು ಒಪ್ಪಿಸುವುದರಲ್ಲಿ ಎರಡು ಮಾವಿನ ಸುಗ್ಗಿ ಕಳೆದಿದ್ದವು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ನಡುಕ. ಹತ್ತು ಗಂಟೆಯೊಳಗೆ ಆಸ್ಪತ್ರೆ ಸೇರಬೇಕಿತ್ತು. ತಪ್ಪಿದರೆ ಅವಳು ಮತ್ತೆ ಹೊರಡುವಳೆಂಬ ನಂಬಿಕೆ ನನಗಿರಲಿಲ್ಲ.

ಡಿಕ್ಕಿಯಲ್ಲಿ ಕೋಲಾರದ ನೆಂಟರಿಗೆಂದು ಎರಡು ಬುಟ್ಟಿ ಬಾದಾಮಿ ಮಾವು ಇತ್ತು. ಕಾರು ಕೆಮ್ಮಿ ಕೆಮ್ಮಿ ನಾಲ್ಕನೇ ಸಲಕ್ಕೆ ಸ್ಟಾರ್ಟ್ ಆಯಿತು. "ವಾರದಿಂದ ನಿಂತಿತ್ತಲ್ಲ, ಮುನಿಸು" ಎಂದರು ನಮ್ಮವರು.

ಊರು ದಾಟುವಷ್ಟರಲ್ಲಿ ದೊಡ್ಡಕ್ಕ ಸೆರಗನ್ನು ಮೂಗಿಗೆ ಹಿಡಿದಳು. "ಪೆಟ್ರೋಲ್ ವಾಸ್ನೆ ಕಣೇ."

"ಮಾವಿನದು ಬಿಡಕ್ಕ."

"ಮಾವು ಹಿಂದೈತೆ, ಇದು ಮುಂದಿಂದ ಬರ್ತೈತೆ. ನಂಗೆ ಹೋಗಿರೋದು ಕಣ್ಣು, ಮೂಗಲ್ಲ!"

ಅರ್ಧ ದಾರಿಯಲ್ಲಿ ಒಂದು ಟೀ ಅಂಗಡಿ ಮುಂದೆ ನಿಲ್ಲಿಸಿದೆವು. ಟೀ ಕುಡಿದು ಬಂದರೆ ಕಾರು ಏಳಲೇ ಇಲ್ಲ. ನಮ್ಮವರು ಕೀ ತಿರುಗಿಸುತ್ತಲೇ ಇದ್ದರು.

"ಸಾಕು ಬಿಡಪ್ಪಾ!" ದೊಡ್ಡಕ್ಕ ಕೂಗಿದಳು. "ನೀನು ತಿರುಗಿಸ್ದಾಗೆಲ್ಲ ವಾಸ್ನೆ ಜಾಸ್ತಿ ಆಗ್ತೈತೆ. ಇಳೀರಿ ಎಲ್ರೂ."

ಇಳಿದು ದೂರ ಹೋಗಿ ನಿಂತೆವು. ಟೀ ಅಂಗಡಿಯವರು ಫೋನ್ ಮಾಡಿ ಮೆಕ್ಯಾನಿಕ್ಕನನ್ನು ಕರೆಸಿದರು. ಮುಳಬಾಗಿಲಿನವನು, ಹತ್ತಿರದಲ್ಲೇ ಗ್ಯಾರೇಜು, ಹೆಸರು ಬಾಬು. ಬೈಕಿನಿಂದ ಇಳಿಯುವ ಮೊದಲೇ, "ಯಾರಪ್ಪಾ ಅದು ಬೀಡಿ? ಬಿಸಾಕು!" ಎಂದು ಗದರಿದ. ಬ್ಯಾಟರಿಯ ತಂತಿ ಬಿಚ್ಚಿ, ಬಾನೆಟ್ಟಿನೊಳಗೆ ಟಾರ್ಚ್ ಹಾಕಿ ನೋಡಿ ನಕ್ಕ.

"ಅಣ್ಣಾ, ಕಾರ್ ಶೆಡ್ಡಲ್ಲೇ ಮಾವು ಹಣ್ಣಿಗಾಕಿದ್ರಾ?"

ಹೌದು, ಪ್ರತಿ ವರ್ಷದಂತೆ ಕಾರಿನ ಪಕ್ಕದಲ್ಲೇ ಹುಲ್ಲು ಹರಡಿ ಹಾಕಿದ್ದೆವು. ಹಣ್ಣಿಗೆ ಬಂದ ಇಲಿ ಅದೇ ಹುಲ್ಲನ್ನು ಹೊತ್ತು ಎಂಜಿನ್ ಮೇಲೆ ಮನೆ ಮಾಡಿ, ಪೆಟ್ರೋಲಿನ ರಬ್ಬರ್ ಪೈಪನ್ನೂ ಕಡಿದಿತ್ತು.

"ಸುಗ್ಗಿ ಬಂದ್ರೆ ನಿಮ್ಮೂರ ಕಾರೆಲ್ಲ ಹಿಂಗೇನೇ. ಕೀ ಹಾಕ್ದಾಗೆಲ್ಲ ಪೆಟ್ರೋಲ್ ಹೊರಗೇ ಚಿಮ್ಮೈತೆ, ಎಂಜಿನ್‌ಗೆ ಸಾಕಾಗಿಲ್ಲ."

"ಟೇಪ್ ಸುತ್ತಿ ಕೋಲಾರದವರೆಗೆ ಬಿಡು" ಎಂದರು ನಮ್ಮವರು.

"ಕೆಳಗೆ ಒಣಹುಲ್ಲು, ಮೇಲೆ ಪೆಟ್ರೋಲು. ಇಲ್ಲೀವರೆಗೂ ಹತ್ಕೊಳ್ದೆ ಬಂದಿದ್ದೇ ದೇವ್ರು ದೊಡ್ಡೋನು. ಹೊಸ ಪೈಪ್ ತರ್ಬೇಕು, ಮಧ್ಯಾಹ್ನ ಆಗ್ತದೆ."

ಅಷ್ಟರಲ್ಲಿ ಎದುರಿಗೆ ಶ್ರೀನಿವಾಸಪುರಕ್ಕೆ ವಾಪಸು ಹೋಗುವ ಬಸ್ಸು ಬಂದು ನಿಂತಿತು. ದೊಡ್ಡಕ್ಕ ಚೀಲ ಎತ್ತಿಕೊಂಡಳು. ಶಕುನ ಸರಿಯಿಲ್ಲ ಎನ್ನುತ್ತಾಳೆ, ಮನೆಗೆ ಹೋಗುತ್ತಾಳೆ ಎಂದುಕೊಂಡೆ. ಅವಳು ಬಾಬುವಿನ ಕಡೆ ತಿರುಗಿದಳು.

"ಆ ತೂತು ಎಷ್ಟು ದೊಡ್ಡದೈತಪ್ಪಾ?"

"ಸಾಸಿವೆ ಕಾಳಷ್ಟು, ಅಮ್ಮಾ."

"ನಂಗೆ ವಾಸ್ನೆ ಬಂತು, ಸರಿ. ಎಲ್ಲಿಂದ ಅಂತ ನೋಡೋಕೆ ಕಣ್ಣಿರೋನೇ ಬರ್ಬೇಕಾಯ್ತು" ಎಂದು ನನ್ನ ಕೈ ಹಿಡಿದಳು. "ಈ ಬಸ್ ಹೋಗ್ಲಿ. ಕೋಲಾರದ್ದು ಬಂದ್ರೆ ಹತ್ತಿಸೇ."

ಬಂದ ಬಸ್ಸಿನಲ್ಲಿ ಯಾರೋ ಎದ್ದು ಅವಳಿಗೆ ಜಾಗ ಕೊಟ್ಟರು. ಆಧಾರ್ ತೋರಿಸಿದೆವು, ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಹತ್ತಕ್ಕೆ ಮುಂಚೆಯೇ ಆಸ್ಪತ್ರೆಯ ಬೆಂಚಿನ ಮೇಲಿದ್ದೆವು. ಒಂದು ಕಣ್ಣಿನ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮಧ್ಯಾಹ್ನ ನಮ್ಮವರು ಕಾರಿನಲ್ಲೇ ಬಂದರು. ರಾತ್ರಿ ನೆಂಟರ ಮನೆಯಲ್ಲಿ ಉಳಿದೆವು.

ಮರುದಿನ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಕೊಟ್ಟರು. ದೊಡ್ಡಕ್ಕ ಕಾರು ಹತ್ತಲಿಲ್ಲ. "ಮೊದ್ಲು ಬಾನೆಟ್ ಎತ್ತಪ್ಪಾ" ಎಂದಳು. ಬಗ್ಗಬೇಡವೆಂದು ಡಾಕ್ಟರು ಹೇಳಿದ್ದರಿಂದ ನೆಟ್ಟಗೆ ನಿಂತೇ ಹೊಸ ಪೈಪನ್ನು ತುದಿಯಿಂದ ತುದಿಗೆ ನೋಡಿ ತಲೆಯಾಡಿಸಿದಳು. ಕಾರು ಒಂದೇ ತಿರುವಿಗೆ ಸ್ಟಾರ್ಟ್ ಆಯಿತು.

ಟೀ ಅಂಗಡಿ ಮುಂದೆ ಬಾಬು ಸಿಕ್ಕ. ನೆಂಟರಿಗೆ ಒಂದು ಬುಟ್ಟಿ ಕೊಟ್ಟು ಉಳಿದಿದ್ದ ಇನ್ನೊಂದನ್ನು ಅವನಿಗೂ ಅಂಗಡಿಯವರಿಗೂ ಎಂದು ಇಳಿಸಿದೆವು. "ಇದನ್ನೆಲ್ಲಿ ಇಡ್ಲಮ್ಮಾ, ಬೈಕ್ ಪಕ್ಕದಲ್ಲಾ?" ಎಂದ. ದೊಡ್ಡಕ್ಕ ಬಾಯಿತುಂಬ ನಕ್ಕಳು.

ಹೊರಟ ಮೇಲೆ ಅವಳು ಹಿಂದಿನ ಗಾಜಿನ ಕಡೆ ತಿರುಗಿ ಕೂತಳು. "ಆವಪ್ಪ ಇನ್ನೂ ಕೈ ಬೀಸ್ತಾ ನಿಂತವ್ನೆ ಕಣೇ."

ನಾನೂ ತಿರುಗಿ, ಕಣ್ಣು ಕಿರಿದು ಮಾಡಿ ನೋಡಿದೆ. ನನಗೆ ಕಂಡದ್ದು ರಸ್ತೆಯ ದೂಳು, ಮಾವಿನ ಮರಗಳ ಸಾಲು, ಅಷ್ಟೆ.