ಒರಿಜಿನಲ್ ಯಾವುದು ಅಂತ ಕೇಳಿದರು

ಹೋದ ವಾರ ತುಮಕೂರಿನ ಬಿ.ಎಚ್. ರಸ್ತೆಯ ರಿಪೇರಿ ಅಂಗಡಿಯೊಂದರಲ್ಲಿ ಮಿಕ್ಸಿ ಹಿಡಿದು ನಿಂತಿದ್ದೆ. ಅಂಗಡಿಯವನು ಯಾರದ್ದೋ ಹಳೆಯ ವಾಲ್ವ್ ಆಂಪ್ಲಿಫೈಯರ್‌ಗೆ ಸ್ವಿಚ್ ಹಾಕಿದ. ಒಳಗಿನ ಗಾಜಿನ ಬುರುಡೆಗಳು ನಿಧಾನವಾಗಿ ಕೆಂಪಗಾದವು. ಅವುಗಳ ಮೇಲೆ ಕೂತಿದ್ದ ಧೂಳು ಕಾದು ಸುಟ್ಟ ವಾಸನೆ ಅಂಗಡಿ ತುಂಬಿತು. ಆ ವಾಸನೆಯನ್ನು ನಾನು ಬೇರೆಲ್ಲೂ ಕಂಡವನಲ್ಲ, ನಮ್ಮ ಪಕ್ಕದ ಮನೆಯಲ್ಲಿ ಇಂಥದ್ದೇ ಆಂಪ್ಲಿಫೈಯರ್ ಇದ್ದ ಮುಂದಿನ ಕೋಣೆಯೊಂದನ್ನು ಬಿಟ್ಟರೆ...

ಆ ಮನೆಯವರನ್ನು ಬೀದಿಯಲ್ಲಿ ಎಲ್ಲರೂ ಆರ್ಕೆಸ್ಟ್ರಾ ಅಣ್ಣ ಎನ್ನುತ್ತಿದ್ದರು. ಗಣೇಶನ ಪೆಂಡಾಲು, ಮದುವೆಯ ಆರತಕ್ಷತೆ, ರಾಜ್ಯೋತ್ಸವದ ವೇದಿಕೆ, ಎಲ್ಲಿ ಕರೆದರೂ ಗಿಟಾರ್ ಹೆಗಲಿಗೇರಿಸಿ ಹೋಗಿ ಸಿನಿಮಾ ಹಾಡು ಹಾಡಿ ಬರುವುದು ಅವರ ಕಸುಬು. ಆರ್ಕೆಸ್ಟ್ರಾದಲ್ಲಿ ಹಾಡು ಸಿನಿಮಾದಲ್ಲಿ ಹೇಗಿದೆಯೋ ಹಾಗೇ ಬರಬೇಕು. ಮೂಲ ಗಾಯಕ ಎಲ್ಲಿ ಉಸಿರೆಳೆದುಕೊಂಡಿದ್ದಾನೋ ಇವರೂ ಅಲ್ಲೇ ಎಳೆದುಕೊಳ್ಳಬೇಕು. ‘ಥೇಟ್ ಹಂಗೇ ಹಾಡಿದ್ರಿ’ ಎನ್ನುವುದಕ್ಕಿಂತ ದೊಡ್ಡ ಹೊಗಳಿಕೆ ಅಲ್ಲಿಲ್ಲ. ಆ ಹೊಗಳಿಕೆಯಲ್ಲೇ ಅಣ್ಣನಿಗೆ ತಲೆ ನರೆಯಿತು.

ಒಂದು ಬೆಳಿಗ್ಗೆ ಕಾಂಪೌಂಡ್ ಗೋಡೆಯ ಆಚೆಯಿಂದ ಕರೆದರು. ನಾನು ಪತ್ರಿಕೆಯ ಕೆಲಸಕ್ಕೆ ಹೊರಟಿದ್ದೆ.

“ಸ್ವಂತದ್ದು ಮಾಡ್ತಿದೀವಿ ಕಣೋ. ನಮ್ದೇ ಹಾಡು, ನಮ್ದೇ ಟ್ಯೂನು.”

“ಯಾವ ಥರದ್ದಣ್ಣ?”

“ನಾನ್ ಹುಡುಗ್ನಾಗಿದ್ದಾಗ ಬರ್ತಿತ್ತಲ್ಲ, ಆ ಕಾಲದ ರಾಕು. ಗಿಟಾರು, ಡ್ರಮ್ಸು, ಆರ್ಗನ್ನು, ಅಷ್ಟೇ. ಕಂಪ್ಯೂಟರ್‌ನಲ್ಲಿ ತಿದ್ದೋ ಆಟ ಇಲ್ಲ. ಸಾಯೋದ್ರೊಳಗೆ ಒಂದಾದ್ರೂ ನಂದು ಅಂತ ಇರ್ಲಿ.”

ಗುಬ್ಬಿ ಹತ್ತಿರದ ಕಡಬದಲ್ಲಿ ಬೀಗ ಹಾಕಿದ್ದ ರೈಸ್ ಮಿಲ್ಲೊಂದರ ಗೋಡೌನಿನಲ್ಲಿ ಆಲ್ಬಮ್ ರೆಕಾರ್ಡ್ ಆಯಿತು. ಡ್ರಮ್ಸ್‌ಗೆ ಗುಬ್ಬಿಯ ಪಿ.ಟಿ. ಮೇಷ್ಟ್ರು. ಉಳಿದಿಬ್ಬರು ಹಳೆಯ ಆರ್ಕೆಸ್ಟ್ರಾದವರೇ. ಒಂದು ಭಾನುವಾರ ನಾನೂ ಹೋಗಿದ್ದೆ. ಎಲ್ಲರೂ ಒಟ್ಟಿಗೆ ನಿಂತು ನುಡಿಸುತ್ತಿದ್ದರು. ಯಾರಾದರೂ ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕು. ಧ್ವನಿ ದೊಡ್ಡ ಚಕ್ರದ ಹಳೆಯ ಟೇಪಿನ ಮೇಲೆ ಇಳಿಯುತ್ತಿತ್ತು. ಕಡಬದ ಕೆರೆಯ ಏರಿಯ ಮೇಲೆ ಕೆಟ್ಟು ನಿಂತ ಬಸ್ಸಿನ ಬಗ್ಗೆ ಒಂದು ಹಾಡಿತ್ತು. ಕೊನೆಯ ಸಾಲಿನಲ್ಲಿ ಅಣ್ಣ ಧ್ವನಿಯನ್ನು ಏರಿಸಿ ಹಾಗೇ ಹಿಡಿದರು. ಮಿಲ್ಲಿನ ತಗಡಿನ ಸೂರು ಸಣ್ಣಗೆ ನಡುಗಿತು.

ಹಾಡು ಸರಿಯಾಗಿ ಬಂದ ಕೂಡಲೇ ಅದನ್ನು ಕಂಪ್ಯೂಟರ್‌ಗೆ ನಕಲು ಮಾಡಿಕೊಂಡರು. ಆಮೇಲೆ ಅದೇ ಟೇಪನ್ನು ಹಿಂದಕ್ಕೆ ಸುತ್ತಿದರು.

“ಲೋ, ಇದನ್ನ ಇಟ್ಕೊಳೋಣ,” ಎಂದರು ಮೇಷ್ಟ್ರು.

“ಯಾಕೆ, ಪೂಜೆ ಮಾಡಕ್ಕಾ? ಈ ಟೇಪು ಇನ್ನೊಂದು ಹುಡುಕ್ಬೇಕು ಅಂದ್ರೆ ಸಿಗಲ್ಲ. ಹಾಡು ಬಂತಲ್ಲ, ಒರಸು,” ಎಂದರು ಅಣ್ಣ.

ಆರ್ಕೆಸ್ಟ್ರಾದವರು ಪ್ರಾಕ್ಟೀಸಿನ ಟೇಪನ್ನು ಎಂದೂ ಇಟ್ಟುಕೊಂಡವರಲ್ಲ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೊಂದು. ಇಡೀ ಆಲ್ಬಮ್ ಹಾಗೇ ಮುಗಿಯಿತು. ಕೊನೆಯಲ್ಲಿ ಟೇಪಿನ ಮೇಲೆ ಉಳಿದದ್ದು ಕೊನೆಯ ಹಾಡು ಮಾತ್ರ. ಮುಂದಿನ ಮದುವೆಯ ಪ್ರಾಕ್ಟೀಸಿಗೆ ಅದನ್ನೂ ಒರಸಿದರು.

ಬಿಡುಗಡೆ ಗುಬ್ಬಿಯ ಕಲ್ಯಾಣ ಮಂಟಪದಲ್ಲಿ ನಡೆಯಿತು. ಜನ ಸೇರಿದ್ದರು, ಚಪ್ಪಾಳೆಯೂ ಬಿತ್ತು. ಮುಗಿದ ಮೇಲೆ ಹಾಗಲವಾಡಿ ಕಡೆಯ ಹಿರಿಯರೊಬ್ಬರು ಬಂದು ಅಣ್ಣನ ಕೈ ಹಿಡಿದರು. “ಭಾಳ ಚೆನ್ನಾಗಿತ್ತು ಕಣಪ್ಪ. ಒರಿಜಿನಲ್ ಯಾವ್ ಪಿಚ್ಚರ್ದು?”

“ನಂದೇ ಯಜಮಾನ್ರೇ.”

“ಅದ್ ಸರಿ ಬುಡು, ನೀನೇ ಹಾಡ್ದೆ. ಒರಿಜಿನಲ್ ಯಾವ್ದು ಅಂದೆ.”

ಅಣ್ಣ ನಕ್ಕರು. ಅವತ್ತು ನಾವೆಲ್ಲರೂ ನಕ್ಕೆವು.

ಆಲ್ಬಮನ್ನು ಇಂಟರ್ನೆಟ್‌ನಲ್ಲಿ ಹಾಕಿದ ಮೇಲೆ ಕೆಲವು ವಾರ ಯಾರೂ ಕೇಳಲಿಲ್ಲ. ಆಮೇಲೆ ಹಳೆಯ ಹಾಡುಗಳನ್ನು ಹಾಕುವ ಚಾನೆಲ್‌ನವರು ಯಾರೋ ಕೆರೆ ಏರಿಯ ಹಾಡನ್ನು ಎತ್ತಿಕೊಂಡು, ಕಪ್ಪು ಬಿಳುಪಿನ ಯಾವುದೋ ಫೋಟೊ ಅಂಟಿಸಿ, ‘ಮರೆತುಹೋದ ಹಳೆಯ ಕನ್ನಡ ರಾಕ್, ಗಾಯಕರು ತಿಳಿದಿಲ್ಲ’ ಎಂದು ಬರೆದು ಹಾಕಿದರು. ಹಾಡು ಹಬ್ಬಿತು. ಆಟೋದಲ್ಲಿ, ಬೇಕರಿಯಲ್ಲಿ, ಅಮೃತೂರಿನ ಖಾಸಗಿ ಬಸ್ಸುಗಳಲ್ಲಿ ನಾನೇ ಕೇಳಿದೆ. ಅದರ ಕೆಳಗೆ ಜನ ಬರೆದದ್ದನ್ನು ಓದಿದರೆ ತಲೆ ತಿರುಗುತ್ತಿತ್ತು. ನಮ್ಮ ತಂದೆ ಈ ಕ್ಯಾಸೆಟ್ ಇಟ್ಟುಕೊಂಡಿದ್ದರು ಎಂದು ಒಬ್ಬರು. ನಮ್ಮ ಅಕ್ಕನ ಮದುವೆಯಲ್ಲಿ ಇದನ್ನೇ ಹಾಕಿದ್ದು, ಚೆನ್ನಾಗಿ ನೆನಪಿದೆ ಎಂದು ಇನ್ನೊಬ್ಬರು. ಇಂಥ ಹಾಡು ಈಗಿನವರಿಗೆ ಎಲ್ಲಿ ಬರಬೇಕು ಎಂದು ಹತ್ತಾರು ಜನ. ಅವರು ಸುಳ್ಳು ಹೇಳುತ್ತಿದ್ದರು ಎಂದು ನಾನು ಈಗಲೂ ಭಾವಿಸುವುದಿಲ್ಲ. ನೆನಪಿದೆ ಎಂದು ಅವರು ನಿಜವಾಗಿ ನಂಬಿದ್ದರು.

ಅದು ತಮ್ಮ ಹಾಡು ಎಂದು ಅಣ್ಣ ಅಲ್ಲಿ ಬರೆದರು. ಸತ್ತವರ ಹಾಡು ಕದಿಯುತ್ತೀಯಾ ಎಂದು ಉತ್ತರ ಬಂತು. ಆ ಚಾನೆಲ್‌ನವರು ಹಾಡು ತಮ್ಮ ಸಂಗ್ರಹದ್ದು ಎಂದು ದೂರು ಕೊಟ್ಟ ಮೇಲೆ ಅಣ್ಣನ ಆಲ್ಬಮ್ಮೇ ಇಂಟರ್ನೆಟ್‌ನಿಂದ ಹೋಯಿತು. ವಾಪಸ್ ಬರಬೇಕಾದರೆ ಮೂಲ ರೆಕಾರ್ಡಿಂಗ್ ತೋರಿಸಬೇಕಿತ್ತು. ಇದ್ದದ್ದು ಕಂಪ್ಯೂಟರ್‌ನ ನಕಲು ಮಾತ್ರ. ಹಳೆಯ ಟೇಪಿನಿಂದ ಯಾರು ಬೇಕಾದರೂ ಹಾಗೆ ನಕಲು ಮಾಡಿಕೊಳ್ಳಬಹುದು ಎಂದರು ಚಾನೆಲ್‌ನವರು.

ನಾನು ಕಣ್ಣಾರೆ ಕಂಡದ್ದನ್ನು, ಎಲ್ಲಿ, ಯಾರ ಮುಂದೆ ಎಂಬುದರ ಸಮೇತ ಪತ್ರಿಕೆಯಲ್ಲಿ ಬರೆದೆ. ವರದಿಗಾರ ಅದೇ ಬೀದಿಯವನು ಎಂದು ಯಾರೋ ಪತ್ತೆ ಹಚ್ಚಿದರು. ಅಲ್ಲಿಗೆ ಆ ವರದಿಯ ಬೆಲೆ ಮುಗಿಯಿತು. ಪಿ.ಟಿ. ಮೇಷ್ಟ್ರ ಮಾತಿಗೂ ಅದೇ ಗತಿ, ಅವರೂ ತಂಡದವರೇ.

“ಎದುರಿಗೆ ಕೂತ್ಕೊಂಡು ಹಾಡಿ ತೋರ್ಸಣ್ಣ. ಅದಕ್ಕಿಂತ ಬೇರೆ ಸಾಕ್ಷಿ ಏನ್ ಬೇಕು,” ಎಂದೆ. ಹಾಡಿದರು. ವಿಡಿಯೋ ಹಾಕಿದೆವು. ಕೆಲವು ತಿಂಗಳಿಂದ ಅವರ ಗಂಟಲು ಕಟ್ಟಿತ್ತು. ಶೀತ ಎಂದುಕೊಂಡು ಮಾತ್ರೆ ನುಂಗುತ್ತಿದ್ದರು. ಕೊನೆಯ ಸಾಲಿನಲ್ಲಿ ಧ್ವನಿ ಮೇಲೇರದೆ ಒಡೆಯಿತು. ‘ವಾಯ್ಸೇ ಬೇರೆ’ ಎಂದು ಬರೆದರು ಜನ. ಅದು ಶೀತವಲ್ಲ ಎಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಗೊತ್ತಾಗುವುದಕ್ಕೆ ಇನ್ನೂ ಸ್ವಲ್ಪ ದಿನವಿತ್ತು.

ಅದಕ್ಕೆ ಮುಂಚೆ ಕುಣಿಗಲ್‌ನಲ್ಲಿ ಒಂದು ಆರತಕ್ಷತೆ. ಹುಡುಗಿ ನನ್ನ ಸಹೋದ್ಯೋಗಿಯ ತಂಗಿ, ಹಾಡಲು ಕರೆಸಿದ್ದು ಅಣ್ಣನ ತಂಡವನ್ನು. ಊಟಕ್ಕೆ ಮುಂಚೆ ಹುಡುಗಿಯ ಸೋದರಮಾವ ವೇದಿಕೆಯ ಹತ್ತಿರ ಬಂದು ಕೆರೆ ಏರಿಯ ಹಾಡು ಕೇಳಿದರು. ಅಣ್ಣ ಶ್ರುತಿಯನ್ನು ಕೆಳಗಿಳಿಸಿಕೊಂಡು ಹಾಡಿದರು. ಎಲ್ಲೂ ತಪ್ಪಲಿಲ್ಲ. ವೇದಿಕೆಯಿಂದ ಇಳಿದು ಬಂದ ಅಣ್ಣನನ್ನು ಸೋದರಮಾವ ತಡೆದು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, “ಬೇಜಾರ್ ಮಾಡ್ಕೋಬೇಡಿ. ಒರಿಜಿನಲ್‌ನಾಗೆ ಆವಯ್ಯ ಇನ್ನೂ ಚೆನ್ನಾಗ್ ಹಾಡವ್ನೆ.”

ತುಮಕೂರಿಗೆ ಅಣ್ಣ ನನ್ನ ಕಾರಿನಲ್ಲೇ ಬಂದರು. ಊರು ದಾಟುತ್ತಲೇ ನಾನು ಆ ಸೋದರಮಾವನನ್ನು ಬೈಯಲು ಶುರುಮಾಡಿದೆ.

“ಸುಮ್ನಿರೋ,” ಎಂದರು. “ಅವ್ರು ಹೇಳಿದ್ದು ನಿಜ ಅಲ್ವಾ? ಆವಾಗ ಚೆನ್ನಾಗಿತ್ತು ಗಂಟ್ಲು.”

ಆಪರೇಷನ್ ಆದ ಮೇಲೆ ಮಾತು ನಿಂತಿತು. ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು: ನೀರು, ಫ್ಯಾನು, ಮ್ಯಾಚ್ ಏನಾಯ್ತು. ಹಾಡಿನ ವಿಷಯ ಬರೆಯಲೇ ಇಲ್ಲ. ನಾವೂ ಎತ್ತಲಿಲ್ಲ. ಹೋದ ವರ್ಷ ತೀರಿಕೊಂಡರು. ಅವರ ಮನೆಯಾಕೆ, ನಾವೆಲ್ಲ ಅಕ್ಕ ಎನ್ನುತ್ತೇವೆ, ಪತ್ರಿಕೆಗೆ ಕೊಡುವ ಸಾವಿನ ಸುದ್ದಿ ಬರೆದುಕೊಡಲು ಹೇಳಿದರು. ಆ ಆಲ್ಬಮ್ ಮಾಡಿದವರು ಎಂದು ಒಂದು ಸಾಲು ಸೇರಿಸಿದೆ. ಓದಿ, ತೆಗೆಸಿದರು. “ಬೇಡ ಕಣಪ್ಪ. ಸತ್ಮೇಲೂ ಕಳ್ಳ ಅನ್ನಿಸ್ಕೋಬೇಕಾ?” ಸುದ್ದಿ ‘ಹಿರಿಯ ಆರ್ಕೆಸ್ಟ್ರಾ ಗಾಯಕ’ ಎಂದಷ್ಟೇ ಬಂತು.

ರಿಪೇರಿ ಅಂಗಡಿಯಿಂದ ಬಂದ ಸಂಜೆ ಆ ಹಾಡನ್ನು ಹುಡುಕಿ ಹಾಕಿದೆ. ಅದೇ ಚಾನೆಲ್, ಅದೇ ಕಪ್ಪು ಬಿಳುಪಿನ ಫೋಟೊ. ಕೇಳಿದವರ ಸಂಖ್ಯೆ ಬೆಳೆದಿದೆ. ಕೆಳಗೆ ಯಾರೋ ಹೊಸಬರು ಕೇಳಿದ್ದರು: ‘ಎಂಥಾ ಧ್ವನಿ... ಇವರು ಈಗ ಬದುಕಿದ್ದಾರಾ?’

ಇಲ್ಲ, ಹೋದ ವರ್ಷ ತುಮಕೂರಿನಲ್ಲಿ ತೀರಿಕೊಂಡರು ಎಂದು ಬರೆದೆ. ಒಂದು ವಾರವಾಯಿತು. ಆ ಹಾಡಿನ ಬಗ್ಗೆ ನಾವು ಹೇಳಿದ್ದರಲ್ಲಿ ಅದೊಂದಕ್ಕೆ ಮಾತ್ರ ಇನ್ನೂ ಯಾರೂ ಸಾಕ್ಷಿ ಕೇಳಿಲ್ಲ.