ದಲಾಲಿ ಸಿದ್ದರಾಯ ಸೋಲಾರ್ ಕೊಂಡದ್ದು

ಗೊಳಸಂಗಿಯ ಸಿದ್ದರಾಯ ಕಳೆದ ಗುರುವಾರ ನಸುಕಿನಲ್ಲಿ ತೀರಿಕೊಂಡ. ನಿದ್ದೆಯಲ್ಲೇ ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರು. ಎಪ್ಪತ್ತೊಂದು ವರ್ಷವಾಗಿತ್ತು. ಆ ವಯಸ್ಸಿನವರು ಹೋದರೆ ಹಣ್ಣಾಗಿದ್ದರು, ಉದುರಿದರು ಎನ್ನುವುದು ವಾಡಿಕೆ. ಸಿದ್ದರಾಯನ ವಿಷಯದಲ್ಲಿ ಹಾಗೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಕೊನೆಯ ಎರಡು ತಿಂಗಳು ಅವನು ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ತಿರುಗಿದ್ದನ್ನು ಊರೆಲ್ಲ ನೋಡಿತ್ತು.

ನಲವತ್ತು ವರ್ಷ ಅವನದು ಎತ್ತಿನ ದಲಾಲಿ. ಇಂಡಿ, ಸಿಂದಗಿ, ಬಾಗೇವಾಡಿಯ ದನದ ಸಂತೆಗಳಲ್ಲಿ ಟವೆಲಿನ ಕೆಳಗೆ ಎದುರಾಳಿಯ ಕೈ ಹಿಡಿದು, ಬೆರಳು ಒತ್ತಿ ದರ ಕುದುರಿಸುತ್ತಿದ್ದ. ಬಾಯಿ ಮಳೆ ಬೆಳೆ ಮಾತಾಡುತ್ತಿದ್ದರೆ ಬೆರಳು ಸಾವಿರಗಳನ್ನು ಮಾತಾಡುತ್ತಿತ್ತು. ಹೊಲಕ್ಕೆಲ್ಲ ಟ್ರ್ಯಾಕ್ಟರ್ ಬಂದ ಮೇಲೆ ಕಸುಬು ಬಿಟ್ಟ. ಟವೆಲು ಮಾತ್ರ ಹೆಗಲ ಮೇಲಿಂದ ಇಳಿಯಲಿಲ್ಲ.

ಮಗ ಪರಶು ಲಾರಿ ಡ್ರೈವರ್. ಸೊಸೆ ಕೋಮಲ ಮನೆಯ ಪಡಸಾಲೆಯಲ್ಲೇ ಎರಡು ಎಚ್.ಪಿ. ಮೋಟರಿನ ಹಿಟ್ಟಿನ ಗಿರಣಿ ಇಟ್ಟಿದ್ದಳು. ಓಣಿಯ ಹೆಂಗಸರಿಗೆಲ್ಲ ಅವಳ ಹಿಟ್ಟೇ ಬೇಕು. ಆದರೆ ಕರೆಂಟು ಹೋದರೆ ಅದೇ ಹೆಂಗಸರು ಡಬ್ಬಿ ಎತ್ತಿಕೊಂಡು ಹೆದ್ದಾರಿಯ ಡೀಸೆಲ್ ಗಿರಣಿಗೆ ನಡೆಯುತ್ತಿದ್ದರು. ಹೋದವರಲ್ಲಿ ಅರ್ಧ ಜನ ತಿರುಗಿ ಬರುತ್ತಿರಲಿಲ್ಲ.

"ಮಾವಾರ, ಗಿರಣಿ ಮಾರಿಬಿಡೂಣ್ರಿ," ಎಂದಳು ಶ್ರಾವಣದಲ್ಲೊಂದು ದಿನ. "ದಿನಾ ಬಾಗಲಾಗ ಕುಂತು ಕರೆಂಟಿನ ದಾರಿ ಕಾಯೂದು ಸಾಕಾಗೇತಿ."

"ಮಾರೂದು ನನಗ ಕಲಸ್ತಿ ಏನವ್ವಾ? ದಸರಾ ತನಕಾ ತಡಿ."

ದಲಾಲಿಯಲ್ಲಿ ಉಳಿಸಿದ ಮೂರು ಲಕ್ಷ ಅವನ ಹೆಸರಿನಲ್ಲಿತ್ತು. ಒಂದೇ ಸಲ ಹೂಡಬಹುದಾದ ದುಡ್ಡು. ತಪ್ಪು ಮಾಲು ತಂದರೆ ಅದೂ ಹೋಯಿತು, ಗಿರಣಿಯೂ ಹೋಯಿತು. ಸಿದ್ದರಾಯನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅವನ ಕಣ್ಣಲ್ಲಿ ಹಳೆಯ ಸಂತೆಯ ಹೊಳಪು ಬಂದಿತ್ತು.

ಗಿರಣಿಗೆ ಸೋಲಾರ್ ಹಾಕಿಸಲು ಮೂರು ಕಡೆಯಿಂದ ದರಪಟ್ಟಿ ತರಿಸಿದ. ಓದಲು ಗೆಳೆಯ ಅನಂತ ಮಾಸ್ತರರನ್ನು ಕಟ್ಟೆಗೆ ಕರೆದ. ಸಬ್ಸಿಡಿ ಕಳೆದು ಸಿಂದಗಿಯವನದು ಒಂದು ಲಕ್ಷ ಹತ್ತು ಸಾವಿರ, ಬಾಗೇವಾಡಿಯವನದು ಎರಡು ಲಕ್ಷ ಐದು ಸಾವಿರ, ಮುದ್ದೇಬಿಹಾಳದವನದು ಮೂರು ಲಕ್ಷ ಹತ್ತು ಸಾವಿರ. ಮೂವರ ಪ್ಯಾನಲ್ಲೂ ಮೂರು ಕಿಲೋವ್ಯಾಟೇ.

"ಒಂದ ಬಿಸಿಲಿಗೆ ಮೂರು ರೇಟ್ ಏನೋ ಸಿದ್ದರಾಯಾ," ಎಂದರು ಮಾಸ್ತರರು. "ಅಗ್ಗದ್ದು ತಗೊ."

"ಮಾಸ್ತರ, ನೀವು ಎತ್ತು ತಗೊಂಡಾಗೂ ಹಿಂಗ ಅಂದಿದ್ರಿ. ಆ ಎತ್ತು ಮಳಿ ಬಂದ್ರ ಮನಿಯೊಳಗ ಬರ್ತಿತ್ತು, ಹೊಲಕ್ಕ ಹೋಗ್ತಿರ್ಲಿಲ್ಲ."

ಸಿಂದಗಿಯವನು ಬಂದು ಚಹಾ ಕುಡಿದು, ಬಿಲ್ಲು ಸೊನ್ನೆಯಾಗುವುದನ್ನು ಮೊಬೈಲಿನಲ್ಲಿ ತೋರಿಸಿದ. ಸಿದ್ದರಾಯ ಕೇಳಿದ್ದು ಒಂದೇ ಮಾತು. "ಮಧ್ಯಾಹ್ನ ಸುಡು ಬಿಸಲೈತಿ, ಲೈನ್ ಹೋತು. ಗಿರಣಿ ತಿರಗತೈತೋ ಇಲ್ಲೋ?"

ಅವನು ತಲೆ ಕೆರೆದುಕೊಂಡ. "ಇದರಾಗ ಬ್ಯಾಟರಿ ಇಲ್ರಿ ಯಜಮಾನ್ರ. ಲೈನ್ ಹೋದ್ರ ಇದೂ ಬಂದ್ ಆಗ್ತೈತಿ. ಕಂಬದ ಮ್ಯಾಲ ಕೆಲಸ ಮಾಡಾವ್ರಿಗೆ ಶಾಕ್ ಹೊಡೀಬಾರದಲ್ರಿ."

"ಖರೇ ಹೇಳಿದಿ, ಚಲೋ ಮನಷ್ಯಾ," ಎಂದು ಸಿದ್ದರಾಯ ಅವನಿಗೆ ಇನ್ನೊಂದು ಕಪ್ಪು ಚಹಾ ಹಾಕಿಸಿ ಕಳಿಸಿದ.

ಬಾಗೇವಾಡಿಯವನದರಲ್ಲಿ ಬ್ಯಾಟರಿಯಿತ್ತು. ಕರೆಂಟು ಹೋದರೂ ಗಿರಣಿ ತಿರುಗುತ್ತದೆ ಎಂದು ಎದೆ ತಟ್ಟಿ ಹೇಳಿದ.

"ಹಂಗಾರ ತಂದು ಹೂಡಿ ತೋರ್ಸು."

"ದುಡ್ಡು ಕಟ್ಟದ ತರಾಂಗಿಲ್ರಿ."

"ನೊಗಕ್ಕ ಹೂಡಿ ನೋಡದ ಎತ್ತು ಕೊಂಡ ಶಾಣ್ಯಾನ್ನ ನಾ ಇನ್ನೂ ಕಂಡಿಲ್ಲ."

ಮೂರು ದಿನ ಬಿಟ್ಟು ಅವನು ಇನ್ವರ್ಟರು, ಬ್ಯಾಟರಿ ಹೇರಿಕೊಂಡು ಟಂಟಂ ಆಟೋದಲ್ಲಿ ಬಂದ. ಓಣಿಯೆಲ್ಲ ಬಾಗಿಲಿಗೆ ಬಂತು. ವೈರು ಜೋಡಿಸಿದರು. ಕೋಮಲ ಸೆರಗು ಸಿಕ್ಕಿಸಿ ಬಟನ್ ಒತ್ತಿದಳು. ಮೋಟರು ಒಮ್ಮೆ ನರಳಿತು, ಇನ್ವರ್ಟರು ಕೀರಿತು, ಕೆಂಪು ದೀಪ ಹತ್ತಿ ಎಲ್ಲ ಬಂದಾಯಿತು. ಮತ್ತೆ ಒತ್ತಿದಳು. ಮತ್ತೆ ಅದೇ.

"ಕಾಲು ಮುರಕೊಂಡು ಕುಂತೈತಿ ನೋಡ್ರಿ ಮಾವಾರ!" ಎಂದು ಕೋಮಲ ನಕ್ಕಳು. ಗಿರಣಿಯ ವಿಷಯದಲ್ಲಿ ಅವಳು ನಕ್ಕು ಎಷ್ಟೋ ದಿನವಾಗಿತ್ತು. ಆದರೆ ಆ ನಗೆಯ ಹಿಂದೆಯೇ ಮುಖ ಬಾಡಿತು. ಸಿದ್ದರಾಯ ಅದನ್ನು ನೋಡಿದ.

ಮರುದಿನವೇ ಬಸ್ಸು ಹತ್ತಿ ಮುದ್ದೇಬಿಹಾಳಕ್ಕೆ ಹೋಗಿ, ಅಲ್ಲಿನ ಅಂಗಡಿಯ ನಿಯಾಜನನ್ನು ಕರೆದುಕೊಂಡೇ ಬಂದ. ಮೂವತ್ತೈದರ ಆಸುಪಾಸಿನ ನಿಯಾಜ ಬಂದವನೇ ಮಾಳಿಗೆ ಹತ್ತಲಿಲ್ಲ. ಗಿರಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೋಟರಿನ ತಗಡಿನ ಮೇಲಿನ ಅಂಕಿ ಓದಿಕೊಂಡ.

"ಅಕ್ಕಾರ, ಕಾಳು ಹಾಕಿ ಚಾಲೂ ಮಾಡ್ತೀರೋ, ಚಾಲೂ ಆದ ಮ್ಯಾಲ ಹಾಕ್ತೀರೋ?"

"ಆದ ಮ್ಯಾಲ," ಎಂದಳು ಕೋಮಲ, ನೆಟ್ಟಗೆ ನಿಂತು. ಇಷ್ಟು ದಿನ ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

"ಚಲೋ ಆತು. ತಿರಗಾಕತ್ತ ಮ್ಯಾಲ ಮೋಟರ್ ಕರೆಂಟ್ ತಿನ್ನೂದು ಕಮ್ಮಿ. ಚಾಲೂ ಆಗೂ ಹೊತ್ತಿನ್ಯಾಗ ಮೂರು ನಾಕ ಪಟ್ಟು ಜಗ್ಗತೈತಿ. ಸಣ್ಣ ಇನ್ವರ್ಟರ್ ಅಲ್ಲೇ ಸಾಯ್ತೈತಿ. ನಂದು ದೊಡ್ಡದೈತಿ, ಅದಕ್ಕ ರೇಟೂ ದೊಡ್ಡದು."

ಸಿದ್ದರಾಯ ತೊಡೆ ತಟ್ಟಿಕೊಂಡ. "ತುಂಬಿದ ಬಂಡಿ! ನಿಂತಲ್ಲಿಂದ ಏಳೂ ಮುಂದ ಎತ್ತಿನ ಮಂಡಿ ನಡಗತಾವ, ಎದ್ದ ಮ್ಯಾಲ ಹಾಡು ಹೇಳ್ಕೋತ ಹೋಗಬೌದು. ಇದನ್ನ ಯಾಕ ಯಾರೂ ಹೇಳಲಿಲ್ಲ?"

"ನೀವು ರೇಟ್ ಕೇಳಿರ್ತೀರಿ. ಮೋಟರ್ ತೋರ್ಸಿರಾಂಗಿಲ್ಲ."

ಮಾತು ಖರೆಯಾಗಿತ್ತು. ನಿಯಾಜನೂ ಇನ್ವರ್ಟರು, ಬ್ಯಾಟರಿ ತಂದು ಹೂಡಿದ. ಗಿರಣಿ ಗುಡುಗುಟ್ಟಿ ಎದ್ದು ಓಡಿತು. ಕೋಮಲ ಹಿಡಿ ಜೋಳ ಹಾಕಿ, ಬಿದ್ದ ಹಿಟ್ಟನ್ನು ಅಂಗೈಯಲ್ಲಿ ಹಿಡಿದು ಮಾವನಿಗೆ ತೋರಿಸಿದಳು.

ಉಳಿದದ್ದು ಹತ್ತು ಸಾವಿರದ ಅಂತರ. ನೋಡಲು ಬಂದಿದ್ದ ಅನಂತ ಮಾಸ್ತರರ ಎದುರಿಗೇ ಸಿದ್ದರಾಯ ಟವೆಲು ಇಳಿಸಿ ನಿಯಾಜನ ಕೈ ಮೇಲೆ ಹಾಸಿದ. ಕೆಳಗೆ ಏನು ಮಾಡಿದನೋ, ನಿಯಾಜ ಕಿಸಕ್ಕನೆ ನಕ್ಕು ಮುದುಕನ ಬೆರಳುಗಳನ್ನು ಎರಡು ಸಲ ಗಪ್ಪನೆ ಹಿಡಿದ.

"ಆತು! ಎರಡ ಸಲ ಐದೈದು ಬಟ್ಟು ಹಿಡದ. ಹತ್ತು ಸಾವಿರ ಕಮ್ಮಿ! ಮಾಸ್ತರ, ನೀವ ಸಾಕ್ಷಿ!"

"ಯಜ್ಜಾ, ಕಚಗುಳಿ ಆತಂತ ಹಿಡದೇನಿ!"

"ಸಂತ್ಯಾಗ ಹಿಡದ ಕೈ ಬಿಡೂ ಪದ್ಧತಿ ಇಲ್ಲಪಾ."

ಅನಂತ ಮಾಸ್ತರರಿಗೆ ನಕ್ಕು ನಕ್ಕು ಕೆಮ್ಮು ಬಂತು. ನಿಯಾಜ ಕೊನೆಗೆ ಒಪ್ಪಿದ. ಆದರೆ ಮಾಳಿಗೆಯ ಮೇಲೆ ಪ್ಯಾನಲ್ಲಿನ ಕಂಬ ನಿಲ್ಲಿಸುವ ಗೌಂಡಿಯ ಖರ್ಚು ಮನೆಯವರದೇ ಎಂದ. ಸಿದ್ದರಾಯ ತಾನೇ ಗಾರೆ ಕಲಸಿದ. ಬ್ಯಾಡ್ರಿ ಎಂದರೂ ಕೇಳದೆ ಮಾಳಿಗೆಗೆ ಬುಟ್ಟಿ ಹೊತ್ತ.

ಕೆಲಸ ಮುಗಿದದ್ದು ಕಳೆದ ಮಂಗಳವಾರ. ಬುಧವಾರ ಸಂಜೆ ಏಳಕ್ಕೆ ಊರಿನ ಕರೆಂಟು ಹೋಯಿತು. ಓಣಿಯೆಲ್ಲ ಕತ್ತಲು. ಎದುರುಮನೆಯ ಹಜರಾಬಿ ಜೋಳದ ಡಬ್ಬಿ ತಲೆಯ ಮೇಲಿಟ್ಟುಕೊಂಡು ಹೆದ್ದಾರಿಯ ಕಡೆ ಹೊರಟಿದ್ದಳು.

"ಎಲ್ಲಿಗೆ ಹೊಂಟೀರಿ ಖಾಲಾ? ಒಳಗ ಬರ್ರಿ!" ಎಂದು ಕೋಮಲ ಕೂಗಿದಳು. ಬಟನ್ ಒತ್ತಿದಳು. ಗಿರಣಿ ಎದ್ದಿತು. ಬಾಗಿಲಿನಿಂದ ಬೆಳಕು ಓಣಿಗೆ ಬಿತ್ತು. ಹಜರಾಬಿ ಡಬ್ಬಿ ಇಳಿಸಿ, ಬೀಳುವ ಹಿಟ್ಟನ್ನೇ ನೋಡುತ್ತ ನಿಂತಳು.

ಸಿದ್ದರಾಯನಿಗೆ ಒಳಗೆ ನಿಲ್ಲಲಾಗಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಓಣಿಗಿಳಿದ. ದನದ ಸಂತೆಯಲ್ಲಿ ನಾಲ್ಕು ಸಾಲಿನಾಚೆ ಕೇಳಿಸುತ್ತಿದ್ದ ದನಿ ತೆಗೆದು, "ಕೋಮಲನ ಗಿರಣಿ ಚಾಲೂ ಐತಿ! ಜೋಳ ತರ್ರೋ!" ಎಂದು ಮನೆಮನೆಯ ಬಾಗಿಲು ಬಡಿಯುತ್ತ, ಓಣಿಯ ಕೊನೆಯ ಮನೆಯ ತನಕ ಕೂಗಿಕೊಂಡು ಹೋದ.