ಅತ್ತೆಯ ಗೊಬ್ಬರದ ಗುಂಡಿ

ನನ್ನ ಅತ್ತೆ ಒಂದು ಕಡ್ಡಿಯನ್ನೂ ಎಸೆದವರಲ್ಲ. ಈರುಳ್ಳಿ ಸಿಪ್ಪೆ, ಉದುರಿದ ಎಲೆ, ಹರಿದ ಗೋಣಿ, ಎಲ್ಲವೂ ಹಿತ್ತಲ ಗೊಬ್ಬರದ ಗುಂಡಿಗೆ. ಸುಮ್ಮನೆ ನಿಂತರೆ ನನ್ನನ್ನೂ ಅದಕ್ಕೇ ಹಾಕಿಯಾರು ಎಂದು ಗಂಡನ ಹತ್ತಿರ ತಮಾಷೆ ಮಾಡುತ್ತಿದ್ದೆ. ಆ ಗೊಬ್ಬರದಲ್ಲಿ ಬೆಳೆದ ಪಾಲಕ್ ಸೊಪ್ಪಿಗೆ ಬೀದಿಯವರೆಲ್ಲ ಗಿರಾಕಿಗಳು. ಮೊದಲ ಕಟ್ಟು ಮಾತ್ರ ಯಾವಾಗಲೂ ಮೊಮ್ಮಗಳಿಗೆ.

ಹೋದ ವರ್ಷ ಮಗಳ ರಕ್ತದಲ್ಲಿ ಸೀಸದ ವಿಷ ಸೇರಿದೆ ಎಂದರು ಡಾಕ್ಟರು. ಮಣ್ಣು ಪರೀಕ್ಷೆ ಮಾಡುವ ಹುಡುಗಿ ಬಂದು ಹಿತ್ತಲು ನೋಡಿದಳು. ಗೋಡೆಯಾಚೆ ಹಿಂದೆ ಹಳೆ ಬ್ಯಾಟರಿ ಕರಗಿಸುತ್ತಿದ್ದರಂತೆ; ಅದರ ಸೀಸ ನಮ್ಮ ಮಣ್ಣಿನಲ್ಲಿ ಕೂತಿತ್ತು.

"ಇಲ್ಲಿ ಸೊಪ್ಪು, ಗೆಡ್ಡೆ ಬೇಡಮ್ಮ. ಟೊಮೇಟೊ, ಬೀನ್ಸ್ ಬೆಳೀರಿ, ಕಾಯಿಗೆ ಸೀಸ ಅಷ್ಟಾಗಿ ಏರಲ್ಲ. ಚೆನ್ನಾಗಿ ತೊಳ್ಕೊಂಡು ತಿನ್ನಿ. ಸೊಪ್ಪು ಬೇಕೇ ಬೇಕು ಅಂದ್ರೆ ಹೊರಗಿಂದ ಒಳ್ಳೆ ಮಣ್ಣು ತಂದು ಪೆಟ್ಟಿಗೇಲಿ ಬೆಳೀರಿ" ಎಂದಳು.

"ನನ್ನ ಕೈಯಾರೆ ಮಗೂಗೆ ವಿಷ ಉಣಿಸಿದೆನಲ್ಲೇ" ಎಂದರು ಅತ್ತೆ. ಇದ್ದ ಸೊಪ್ಪನ್ನೆಲ್ಲ ಅವತ್ತೇ ಕಿತ್ತರು.

ದೂರದಿಂದ ಮಣ್ಣು ತರಿಸಿ ಮರದ ಪೆಟ್ಟಿಗೆಗಳಿಗೆ ತುಂಬಿಸಿದರು. ಪಾಲಕ್ ಸೊಂಪಾಗಿ ಎದ್ದಿತು. ಮಗಳು ಕೇಳಿದಾಗ, "ಪರೀಕ್ಷೆ ಆಗ್ಲಿ ಕಂದಾ" ಎಂದು ತಡೆದರು. ತಡೆದದ್ದೇ ಒಳ್ಳೆಯದಾಯಿತು. ಆ ಎಲೆಯಲ್ಲೂ ಸೀಸ!

"ತಂದ ಮಣ್ಣು ಚೆನ್ನಾಗಿತ್ತಲ್ಲ, ಇನ್ನೇನು ಬೆರೆಸಿದ್ರಿ?" ಎಂದಳು ಹುಡುಗಿ.

"ನಮ್ಮ ಗೊಬ್ಬರ."

"ಅದಕ್ಕೇನು ಹಾಕಿದ್ರಿ?"

ಅತ್ತೆ ನೆಲ ನೋಡಿದರು. "ಕಿತ್ತ ಸೊಪ್ಪು, ಬೇರಿನ ಮಣ್ಣು ಸಮೇತ. ಎಸೆಯೋಕೆ ಮನಸ್ಸು ಬರ್ಲಿಲ್ಲ. ಕೊಳೆತ್ರೆ ಎಲ್ಲಾ ಹೋಗುತ್ತೆ ಅಂದ್ಕೊಂಡೆ."

"ಸೀಸ ಕೊಳೆಯಲ್ಲಮ್ಮ."

ನನಗೆ ಸಿಟ್ಟು ಬಂತು. ಆದರೆ ಅತ್ತೆಯ ಮುಖ ನೋಡಿದ ಮೇಲೆ ಸಿಟ್ಟು ಎಲ್ಲಿ ನಿಲ್ಲುತ್ತದೆ? ಇಬ್ಬರೂ ಸೇರಿ ಗುಂಡಿಯನ್ನೂ ಪೆಟ್ಟಿಗೆಗಳನ್ನೂ ಖಾಲಿ ಮಾಡಿ, ಮೂಟೆ ಕಟ್ಟಿ, ವಿಷದ ಕಸ ಒಯ್ಯುವ ಗಾಡಿಗೆ ಕೊಟ್ಟೆವು. ಗಾಡಿ ತಿರುವು ದಾಟುವವರೆಗೂ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗಿತ್ತು ಅವರ ಮುಖ.

ಮತ್ತೆ ಹೊಸ ಮಣ್ಣು, ಅಂಗಡಿಯ ಗೊಬ್ಬರ. ಪಕ್ಕದಲ್ಲಿ ಸಿಮೆಂಟು ಹಾಕಿಸಿದ ಹೊಸ ಗುಂಡಿ, ಬರಿದು. ಮೊನ್ನೆ ಸೊಪ್ಪು ಪರೀಕ್ಷೆಯಲ್ಲಿ ಪಾಸಾಯಿತು. ಮಗಳು ಎರಡು ಸಲ ಹಾಕಿಸಿಕೊಂಡು ತಿಂದಳು.

ಊಟವಾದ ಮೇಲೆ ಅತ್ತೆ ಪಾಲಕ್ ದಂಟುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ನಿಂತರು.

"ಇದನ್ನ ಗುಂಡಿಗೆ ಹಾಕ್ಬಹುದೇನೇ?"

ನಾನು ಸೊಸೆಯಾಗಿ ಬಂದಾಗಿನಿಂದ ಅತ್ತೆ ನನ್ನನ್ನೊಂದು ಮಾತು ಕೇಳಿದ್ದು ಅದೇ ಮೊದಲು.

"ಹಾಕಿ ಅತ್ತೆ" ಎಂದೆ.